ಅನ್ಯಲೋಕದ ಯಂತ್ರವೂ ನಮ್ಮ ಜಂಭವೂ

ಮೊನ್ನೆ ಅಧ್ಯಾಪಕರ ಕೊಠಡಿಯಲ್ಲಿ ನನ್ನ ಕೈಯಲ್ಲಿದ್ದ ಕಾದಂಬರಿಯನ್ನು ಕಂಡು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. “ಏನು ಮೇಷ್ಟ್ರೇ, ಪಂಪ ರನ್ನರ ಪಾಠ ಹೇಳುವವರು ಈ ರಾಕೆಟ್ಟಿನ ಕಟ್ಟುಕತೆ ಓದುವುದೇ? ಹುಡುಗರಿಗೆ ಬಿಡಿ” ಎಂದರು. ಆಗ ಸುಮ್ಮನಿದ್ದೆ. ಸುಮ್ಮನಿದ್ದುದು ತಪ್ಪೆಂದು ಈಗ ಅನಿಸುತ್ತಿದೆ. ಅದು ಅವರೊಬ್ಬರ ಮಾತಲ್ಲ. ನಮ್ಮ ಸಾಹಿತ್ಯವಲಯದ ಬಹುಮಂದಿಯ ಮಾತು.

ಆ ಪುಸ್ತಕ ಅಮೆರಿಕದ ಫ್ರೆಡರಿಕ್ ಪೋಲ್ 1977ರಲ್ಲಿ ಪ್ರಕಟಿಸಿದ ‘ಗೇಟ್‌ವೇ’. ಹೀಚೀ ಎಂಬ ಅನ್ಯಲೋಕದ ಜನ ಲಕ್ಷಾಂತರ ವರ್ಷಗಳ ಹಿಂದೆ ಒಂದು ಕ್ಷುದ್ರಗ್ರಹದಲ್ಲಿ ನೂರಾರು ನೌಕೆಗಳನ್ನು ಬಿಟ್ಟುಹೋಗಿದ್ದಾರೆ. ಅವನ್ನು ಹೊರಡಿಸಲು ಮನುಷ್ಯರಿಗೆ ಬರುತ್ತದೆ, ಅಷ್ಟೆ. ಎಲ್ಲಿಗೆ ಹೋಗುತ್ತವೆ, ಎಷ್ಟು ದಿನ ಹಿಡಿಯುತ್ತದೆ, ಯಾರಿಗೂ ತಿಳಿಯದು. ಬಡತನದಿಂದ ಪಾರಾಗಬಯಸುವವರು ಪ್ರಾಣವನ್ನು ಪಣವಿಟ್ಟು ಹತ್ತುತ್ತಾರೆ. ಹೋಗುವ ದಾರಿಯ ಅರ್ಧದಲ್ಲಿ ನೌಕೆ ಒಂದು ಸೂಚನೆ ಕೊಡುತ್ತದೆ. ಅಷ್ಟರಲ್ಲಿ ಆಹಾರದ ಕಾಲುಭಾಗಕ್ಕಿಂತ ಹೆಚ್ಚು ಮುಗಿದಿದ್ದರೆ, ಹಿಂದಿರುಗುವವರೆಗೆ ಅದು ಸಾಲದು. ಸಾವುಬದುಕಿನ ಲೆಕ್ಕ ಇಷ್ಟು ಸರಳ!

ಇದು ಹುಡುಗರ ಕತೆಯೇ? ಚಕ್ರವ್ಯೂಹವನ್ನು ಹೊಗಬಲ್ಲ, ಹೊರಬರಲರಿಯದ ಅಭಿಮನ್ಯುವಿಗಾಗಿ ಮರುಗುವವರು ನಾವು. ಪ್ರಯೋಗಿಸಿದ ಅಸ್ತ್ರವನ್ನು ಹಿಂತೆಗೆಯಲಾರದ ಅಶ್ವತ್ಥಾಮನನ್ನು ತರಗತಿಯಲ್ಲಿ ಗಂಟೆಗಟ್ಟಲೆ ವಿವರಿಸುವವರೂ ನಾವೇ. ಅದೇ ಸಂಕಟ ನೌಕೆಯೇರಿ ಬಂದರೆ ಮೂಗು ಮುರಿಯುವುದೇಕೆ? ಪೋಲನ ನಾಯಕ ಐಶ್ವರ್ಯ ಗಳಿಸಿ ಮರಳುತ್ತಾನೆ. ಆದರೆ ಸಂಗಡಿಗರನ್ನು ಕಪ್ಪುರಂಧ್ರದ ಬಳಿ ಬಿಟ್ಟುಬಂದ ಪಾಪಪ್ರಜ್ಞೆ ಅವನನ್ನು ಬಿಡುವುದಿಲ್ಲ. ಇಲ್ಲಿ ಯಂತ್ರ ನೆಪ, ಮನಸ್ಸೇ ವಸ್ತು.

ರಷ್ಯದ ಸ್ಟ್ರುಗಾಟ್ಸ್ಕಿ ಸೋದರರು 1972ರ ‘ರೋಡ್‌ಸೈಡ್ ಪಿಕ್ನಿಕ್’ ಕಾದಂಬರಿಯಲ್ಲಿ ಇನ್ನೂ ಕಠಿಣವಾದ ಮಾತು ಹೇಳಿದರು. ಅನ್ಯಲೋಕದವರು ದಾರಿಬದಿಯಲ್ಲಿ ವನಭೋಜನ ಮುಗಿಸಿ ಹೊರಟುಹೋಗಿರಬಹುದು. ಅವರ ಎಂಜಲೆಲೆಗೆ ಮುತ್ತಿದ ಇರುವೆಗಳು ನಾವು. ಆರ್ಥರ್ ಕ್ಲಾರ್ಕರ ‘ರಾಂದೆವೂ ವಿತ್ ರಾಮ’ (1973) ಕಾದಂಬರಿಯಲ್ಲಿ 50 ಕಿಲೋಮೀಟರ್ ಉದ್ದದ ನೌಕೆಯೊಂದನ್ನು ಮನುಷ್ಯರು ಹೊಕ್ಕು ನೋಡುತ್ತಾರೆ. ಅದು ಅವರನ್ನು ಲೆಕ್ಕಕ್ಕೇ ಇಡದೆ ತನ್ನ ದಾರಿ ಹಿಡಿಯುತ್ತದೆ. ಮನುಷ್ಯನ ಜಂಭಕ್ಕೆ ಇದಕ್ಕಿಂತ ಒಳ್ಳೆಯ ಮದ್ದುಂಟೇ?

ಈ ಜಾತಿಯ ಕತೆಗಳಲ್ಲಿ ಜೊಳ್ಳಿಲ್ಲವೆಂದು ನಾನು ವಾದಿಸುವುದಿಲ್ಲ. ಹಳೆಯ ಯಂತ್ರ ಸಿಕ್ಕಿತು, ಬಾಗಿಲು ತೆರೆಯಿತು, ನಾಯಕ ಗೆದ್ದ ಎಂಬಂಥವು ಬೇಕಾದಷ್ಟಿವೆ. ಜೊಳ್ಳಿದೆಯೆಂದು ಕಾಳನ್ನೂ ತೂರಿಬಿಡುವುದು ವಿಮರ್ಶೆಯಲ್ಲ.

ನನ್ನ ನಿಜವಾದ ತಕರಾರು ಬೇರೆ. ಪ್ರಾಚೀನರ ಮಹಾನಿರ್ಮಾಣಗಳಲ್ಲಿ ಅನ್ಯಲೋಕದವರ ಕೈವಾಡವಿದೆಯೆಂದು ಎರಿಕ್ ಫಾನ್ ಡೆನಿಕೆನ್ 1968ರಲ್ಲಿ ಬರೆದಾಗ ಲೋಕವೇ ಮುಗಿಬಿದ್ದು ಓದಿತು. ಅದನ್ನು ಆತ ಕತೆಯೆನ್ನಲಿಲ್ಲ. ನಮ್ಮಲ್ಲಿಯೂ ‘ವೈಮಾನಿಕ ಶಾಸ್ತ್ರ’ವಿದೆ. ಭರದ್ವಾಜ ಮಹರ್ಷಿಯ ಹೆಸರು ಹೊತ್ತ ಆ ಗ್ರಂಥವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಪರಿಶೀಲಿಸಿದರು. ಅದು ಇಪ್ಪತ್ತನೆಯ ಶತಮಾನಕ್ಕಿಂತ ಹಿಂದಿನದಲ್ಲ, ಅದರ ವಿಮಾನಗಳು ಹಾರಲಾರವು ಎಂದು ತೋರಿಸಿಕೊಟ್ಟರು. ಆದರೂ ನಕ್ಕ ಅದೇ ಹಿರಿಯರು, ಹಿಂದೊಮ್ಮೆ ಸಭೆಯಲ್ಲಿ ಪೂರ್ವಜರ ವಿಮಾನಗಳನ್ನು ಕೊಂಡಾಡಿ ಚಪ್ಪಾಳೆ ಗಿಟ್ಟಿಸಿದ್ದರು!

ಕತೆಯೆಂದು ಹೇಳಿಕೊಂಡು ಬಂದುದಕ್ಕೆ ಬಾಗಿಲು ಮುಚ್ಚಿ, ಶಾಸ್ತ್ರದ ವೇಷ ಹಾಕಿ ಬಂದ ಕತೆಗೆ ಮಣೆ ಹಾಕುವುದು ಎಂಥ ವಿವೇಕ? ಮೊದಲನೆಯದು ನಮಗೆ ತಿಳಿಯದುದು ಎಷ್ಟೋ ಇದೆಯೆನ್ನುತ್ತದೆ. ಎರಡನೆಯದು ಎಲ್ಲವೂ ಅಜ್ಜಂದಿರಿಗೆ ತಿಳಿದಿತ್ತೆಂದು ಹೇಳಿ ಮೊಮ್ಮಕ್ಕಳನ್ನು ಮಲಗಿಸುತ್ತದೆ. ಅಜ್ಜಿಕತೆ ಯಾವುದೆಂದು ವಾಚಕರೇ ಹೇಳಲಿ.

ಆ ಕಾದಂಬರಿಯನ್ನು ಹಿರಿಯರ ಮೇಜಿನ ಮೇಲಿಟ್ಟು ಬಂದಿದ್ದೇನೆ. ಓದಿ ನಗಲಿ, ನನ್ನ ಅಭ್ಯಂತರವಿಲ್ಲ. ಓದದೆ ನಗುವುದು ಮಾತ್ರ ಬೇಡ.