ಕ್ಯಾಟ್‌ಫಿಶ್ ವಿಚಿತ್ರವಾಗಿ ಆಡಿದರೆ ಮೊದಲು ನೀರು ನೋಡಿ, ಮದ್ದು ಆಮೇಲೆ



ನಮ್ಮ ಯಲಹಂಕ, ರಾಜಾನುಕುಂಟೆ, ಹೆಸರಘಟ್ಟ ಕಡೆ ಎರಡು-ಮೂರು ಎಕರೆಯವರು ಕೆಲವರು ಸಿಮೆಂಟ್ ತೊಟ್ಟಿ ಕಟ್ಟಿ ಅಕ್ವೇರಿಯಂ ಮೀನು ಸಾಕ್ತಿದ್ದಾರೆ. ಸಿಟಿ ಪಕ್ಕದಲ್ಲೇ ಇರೋದ್ರಿಂದ ಮಾರಾಟಕ್ಕೆ ಅಲೆಯೋ ಹಾಗಿಲ್ಲ. ಗಪ್ಪಿ, ಗೋಲ್ಡ್‌ಫಿಶ್ ಸಾಕೋದು ಬೇಗ ಕೈಗೆ ಹತ್ತುತ್ತೆ. ಮೀಸೆ ಇರೋ ಜಾತಿ, ಅಂದ್ರೆ ಕ್ಯಾಟ್‌ಫಿಶ್ ತಂದ ಮೇಲೆ ಶುರುವಾಗುತ್ತೆ ಗಾಬರಿ. "ಮೀನು ಮೇಲೆ ಬಂದು ಬಾಯಿ ಬಿಡ್ತಿದೆ, ತಲೆಕೆಳಗಾಗಿ ಈಜ್ತಿದೆ, ಅಲ್ಲಾಡದೆ ಬಿದ್ದಿದೆ, ಏನು ಹಾಕೋದು?" ಅಂತ ಕೇಳ್ತಾರೆ. ನನ್ನ ಪ್ರಕಾರ ಈ "ಏನು ಹಾಕೋದು" ಅನ್ನೋ ಪ್ರಶ್ನೆಯೇ ನಮ್ಮ ದುಡ್ಡು ಕಳೀತಿರೋದು.

ನಾವು ರೇಷ್ಮೆ ನಾಡಿನವರು. ಹುಳ ಸೊಪ್ಪು ತಿನ್ನೋದು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂತರೆ ನಮ್ಮ ಮನೆ ಹೆಂಗಸರು ಹೆದರ್ತಾರಾ? "ಜ್ವರಕ್ಕೆ ಕೂತಿದೆ, ಸೊಪ್ಪು ಹಾಕಬೇಡ" ಅಂತಾರೆ ಅಷ್ಟೇ. ಹೆಸರು ಜ್ವರ, ಆದರೆ ಕಾಯಿಲೆ ಅಲ್ಲ, ಪೊರೆ ಬಿಡೋ ಹೊತ್ತು. ಹುಳದ ಜೀವನದಲ್ಲಿ ನಾಲ್ಕು ಸಲ ಬರುತ್ತೆ. ಗೊತ್ತಿಲ್ಲದವರಿಗೆ ಅದು ರೋಗ, ಗೊತ್ತಿರೋರಿಗೆ ಅದು ಕ್ರಮ. ಮೀನಿನಲ್ಲೂ ಹೀಗೇ, ಯಾವುದು ಅದರ ಗುಣ, ಯಾವುದು ಸಂಕಟ ಅಂತ ಮೊದಲು ಬೇರೆ ಮಾಡ್ಕೋಬೇಕು.

ಗುಣದ್ದು ಮೊದಲು ಹೇಳ್ತೀನಿ. ಕೋರಿಡೋರಾಸ್ ಅಂತ ಬೆರಳುದ್ದದ ಮೀನು ಬರುತ್ತೆ. ತಳದಲ್ಲಿ ಮೂತಿ ಊರಿಕೊಂಡು ಓಡಾಡ್ತಾ ಇದ್ದದ್ದು ಬಾಣದ ಹಾಗೆ ಮೇಲೆ ಹೋಗಿ ಒಂದು ಗುಟುಕು ಗಾಳಿ ನುಂಗಿ ವಾಪಸ್ ಇಳಿಯುತ್ತೆ. ಈ ಮೀನು ಕಿವಿರಿನ ಜೊತೆಗೆ ಕರುಳಿನಿಂದಲೂ ಉಸಿರಾಡುತ್ತೆ. ನೀರು ಚೆನ್ನಾಗಿದ್ದರೂ ಆಗಾಗ ಹೀಗೆ ಮಾಡುತ್ತೆ. ಅಂಗಡಿಯಲ್ಲಿ ಸಕ್ಕರ್ ಅಂತ ಮಾರ್ತಾರಲ್ಲ, ಗಾಜಿಗೆ ಅಂಟಿಕೊಂಡು ಪಾಚಿ ಕೆರೆಯೋದು, ಅದು ಹೊಟ್ಟೆಯಲ್ಲಿ ಗಾಳಿ ಇಟ್ಟುಕೊಂಡು ಉಸಿರಾಡಬಲ್ಲದು. ಅದು ರಾತ್ರಿ ಜೀವಿ, ಹಗಲೆಲ್ಲ ಕಲ್ಲಿನ ಹಾಗೆ ಬಿದ್ದಿರುತ್ತೆ. ಕಾಂಗೋ ನದಿ ಕಡೆಯದ್ದು ಇನ್ನೊಂದಿದೆ, ಅದು ಹುಟ್ಟುಗುಣದಿಂದಲೇ ಅಂಗಾತ ಈಜುತ್ತೆ. ಬೇರೆ ಮೀನಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಇದಕ್ಕೆ ಹೊಟ್ಟೆಯೇ ಕಪ್ಪು. ಅದನ್ನ ಕೈಯಲ್ಲಿ ತಿರುಗಿಸಿ ಬಿಡೋರನ್ನೂ ನೋಡಿದೀನಿ!

ಮಳೆ ಬಿದ್ದು ನೀರು ತಣ್ಣಗಾದಾಗ ಕೋರಿಡೋರಾಸ್ ಒಂದರ ಹಿಂದೊಂದು ಹುಚ್ಚು ಹಿಡಿದ ಹಾಗೆ ಓಡಾಡಿದರೆ ಅದು ಮೊಟ್ಟೆ ಇಡೋ ಸಂಭ್ರಮ. ಅಂಥಾ ದಿನ ಔಷಧಿ ಸುರಿದರೆ ಮರಿಯ ಲಾಭ ಕೈಯಾರೆ ಕಳೆದುಕೊಂಡ ಹಾಗೆ.

ಇನ್ನು ಸಂಕಟದ್ದು. ಒಂದೆರಡು ಮೀನು ಆಗೊಮ್ಮೆ ಈಗೊಮ್ಮೆ ಗಾಳಿ ನುಂಗೋದು ಬೇರೆ, ಇಡೀ ತೊಟ್ಟಿಯೇ ಬಿಡುವಿಲ್ಲದೆ ಮೇಲೆ-ಕೆಳಗೆ ಮಾಡೋದು ಬೇರೆ. ಮೇಲೆ ಹೋದದ್ದು ಅಲ್ಲೇ ನಿಂತರೆ, ಕಿವಿರು ಬಿರುಸಾಗಿ ಬಡಿದುಕೊಂಡರೆ, ಮೈಯನ್ನ ಕಲ್ಲಿಗೆ ಉಜ್ಜಿದರೆ, ಮೀಸೆ ಸವೆದು ಗಿಡ್ಡ ಆದರೆ, ಅದು ತೊಂದರೆಯ ಲಕ್ಷಣ. ನಮ್ಮ ಕಡೆ ಆ ತೊಂದರೆ ಹೆಚ್ಚಾಗಿ ನೀರಿನಿಂದಲೇ ಬರೋದು.

ನಮ್ಮ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಅಷ್ಟು ಆಳದ ನೀರು ನೋಡೋಕೆ ಕನ್ನಡಿ, ಆದರೆ ಅದರಲ್ಲಿ ಆಮ್ಲಜನಕ ತೀರಾ ಕಮ್ಮಿ. ಪೈಪಿನಿಂದ ನೇರ ತೊಟ್ಟಿಗೆ ಬಿಟ್ಟರೆ ಮೀನು ಉಸಿರುಗಟ್ಟಿ ಮೇಲೆ ಬರುತ್ತೆ. ಕಾವೇರಿ ನೀರು ಬರೋ ಕಡೆ ಇನ್ನೊಂದು ಸಮಸ್ಯೆ. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡುವಾಗ ಕ್ಲೋರಿನ್ ಹಾಕಿರ್ತಾರೆ, ಅದು ಕಿವಿರು ಸುಡುತ್ತೆ. ಎರಡಕ್ಕೂ ಒಂದೇ ದಾರಿ. ಡ್ರಮ್ಮಿನಲ್ಲಿ ಹಿಡಿದು, ಬಾಯಿ ತೆರೆದು, ಗಾಳಿ ಪಂಪ್ ಹಾಕಿ ಒಂದು ದಿನ ಬಿಟ್ಟು ಆಮೇಲೆ ಬಳಸಿ.

ಮೂರನೇದು ಅಮೋನಿಯಾ. ತಿನ್ನದೆ ಉಳಿದ ಮೇವು, ಹಿಕ್ಕೆ ಎಲ್ಲ ಕೊಳೆತು ಆಗೋದು. ಗಡಸು ಬೋರ್ ನೀರು ಕ್ಷಾರ ಆದಷ್ಟೂ ಇದರ ವಿಷ ಜಾಸ್ತಿ. ಕ್ಯಾಟ್‌ಫಿಶ್ ತಳದಲ್ಲೇ ಬದುಕೋದ್ರಿಂದ ಆ ಕೊಳಕು ಮೊದಲು ತಟ್ಟೋದು ಅದಕ್ಕೆ. ಮನೆ ಬಾಗಿಲ ನಾಯಿ ಬೊಗಳಿದ ಹಾಗೆ ಅದು ಎಚ್ಚರಿಕೆ ಕೊಡ್ತಿರುತ್ತೆ. ಡಿಸೆಂಬರ್-ಜನವರಿ ಚಳಿಯಲ್ಲಿ ಬಯಲು ತೊಟ್ಟಿ ಮೀನು ಮೇವು ಬಿಡುತ್ತೆ. ನಾವು "ತಿಂತಿಲ್ಲ" ಅಂತ ಇನ್ನೂ ಹಾಕಿದರೆ ಅದೂ ಕೊಳೆಯುತ್ತೆ. ಹಸಿರು ನೀರಿನ ಹೊಂಡ ಆದರೆ ಬೆಳಗಿನ ಜಾವ ಹೋಗಿ ನೋಡಿ. ಪಾಚಿ ರಾತ್ರಿಯೆಲ್ಲ ಆಮ್ಲಜನಕ ಎಳೆದುಕೊಂಡಿರುತ್ತೆ, ಸೂರ್ಯ ಹುಟ್ಟೋ ಮುಂಚೆ ತೀರಾ ಕಮ್ಮಿ ಇರುತ್ತೆ.

ಇಷ್ಟು ನೋಡದೆ ಮದ್ದಿಗೆ ಕೈ ಹಾಕೋದನ್ನ ನಾನು ಯಾಕೆ ವಿರೋಧಿಸ್ತೀನಿ ಅಂದ್ರೆ, ಈ ಜಾತಿಗೆ ಬೇರೆ ಮೀನಿನ ಹಾಗೆ ಹೊರಪೊರೆ ಇಲ್ಲ. ಕೆಲವಕ್ಕೆ ಬರೀ ಚರ್ಮ, ಕೆಲವಕ್ಕೆ ಎಲುಬಿನ ಫಲಕ. ತಾಮ್ರದ ಔಷಧಿ, ಮಲಾಕೈಟ್ ಗ್ರೀನ್, ಜಾಸ್ತಿ ಉಪ್ಪು ಇವನ್ನ ತಡೆಯೋ ಶಕ್ತಿ ಕಮ್ಮಿ. ಪಕ್ಕದ ಊರಿನ ರೈತರೊಬ್ಬರು ಕೋರಿಡೋರಾಸ್ ಗಾಳಿ ನುಂಗೋದು ನೋಡಿ, ಯಾರೋ ಹೇಳಿದರು ಅಂತ ಕಲ್ಲುಪ್ಪು, ಔಷಧಿ ಎರಡೂ ಒಟ್ಟಿಗೆ ಹಾಕಿದರು. ಬೆಳಗ್ಗೆ ಅರ್ಧ ತೊಟ್ಟಿ ಖಾಲಿ. ಅವರ ಮೀನಿಗೆ ಕಾಯಿಲೆಯೇ ಇರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು ನಡೀತಿದೆ. ಸಕ್ಕರ್ ಮೀನು ಒಂದು ಅಡಿ ದಾಟಿ ಬೆಳೆದು ಬೇರೆ ಮೀನನ್ನ ರಾತ್ರಿ ಕಾಡೋಕೆ ಶುರು ಮಾಡಿದಾಗ "ಪಾಪ, ಬದುಕಿಕೊಳ್ಳಲಿ" ಅಂತ ಕೆರೆಗೆ ಬಿಡ್ತಾರೆ. ಇದು ಪುಣ್ಯದ ಕೆಲಸ ಅಲ್ಲ ಸ್ವಾಮಿ. ದಕ್ಷಿಣ ಅಮೆರಿಕದ ಈ ಮೀನು ದಡದಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತೆ, ಮಣ್ಣಿನ ಏರಿಗೆ ಅದು ಒಳ್ಳೇದಲ್ಲ. ಮೈ ಮೇಲಿನ ಮುಳ್ಳು ಬಲೆ ಹರಿಯುತ್ತೆ. ಆಂಧ್ರದ ಮೀನುಗಾರರು ಇದನ್ನ ಡೆವಿಲ್ ಫಿಶ್ ಅಂತ ಶಪಿಸ್ತಿದ್ದಾರೆ. ಮೆಕ್ಸಿಕೋದ ಇನ್ಫಿಯೆರ್ನಿಯೋ ಜಲಾಶಯದಲ್ಲಿ ತಿಲಾಪಿಯಾ ಹಿಡಿಯೋರ ಬದುಕನ್ನೇ ಇದು ಕೆಡಿಸಿತು, ಅಲ್ಲೂ ಇದರ ಹೆಸರು ದೆವ್ವದ ಮೀನು. ನಮ್ಮ ಯಲಹಂಕ ಕೆರೆ ಕೋಡಿ ಬಿದ್ದರೆ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿಗೆ ಹೋಗುತ್ತೆ. ಒಂದು ಕಡೆ ಬಿಟ್ಟದ್ದು ಒಂದು ಕಡೆ ಉಳಿಯಲ್ಲ. ಬೇಡವಾದ ಮೀನನ್ನ ತಂದ ಅಂಗಡಿಗೇ ವಾಪಸ್ ಕೊಡಿ, ಇಲ್ಲಾ ದೊಡ್ಡ ತೊಟ್ಟಿ ಇರೋರಿಗೆ ಕೊಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನಂತೂ ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಚಿಕ್ಕ ಮರಿ ಅಂತ ಯಾರಾದರೂ ಕೊಟ್ಟರೆ ಜಾತಿ ಕೇಳಿ ತಗೊಳ್ಳಿ.

ಖರ್ಚಿಲ್ಲದ ಕೆಲಸ ಒಂದು ಹೇಳ್ತೀನಿ. ಮೀನು ತಂದ ಮೊದಲ ವಾರ ದಿನಾ ಬೆಳಗ್ಗೆ, ಸಂಜೆ ಹತ್ತು ನಿಮಿಷ ತೊಟ್ಟಿ ಮುಂದೆ ಕೂತು ಸುಮ್ಮನೆ ನೋಡಿ. ಎಷ್ಟು ಸಲ ಮೇಲೆ ಬರುತ್ತೆ, ಎಲ್ಲಿ ಮಲಗುತ್ತೆ, ಯಾವಾಗ ತಿನ್ನುತ್ತೆ ಅಂತ ಪುಸ್ತಕದಲ್ಲಿ ಬರೆದಿಡಿ. ಮೇವು ಮುಸ್ಸಂಜೆ ಹಾಕಿ. ನಡತೆ ಬದಲಾಯಿತು ಅಂದ್ರೆ ಮೇವು ನಿಲ್ಲಿಸಿ, ಕಾಲು ಭಾಗ ನೀರು ಬದಲಿಸಿ, ಗಾಳಿ ಪಂಪ್ ಜೋರು ಮಾಡಿ, ಅಮೋನಿಯಾ ಕಿಟ್‌ನಲ್ಲಿ ಪರೀಕ್ಷೆ ಮಾಡಿ. ಎರಡು ದಿನಕ್ಕೂ ಸರಿಹೋಗದಿದ್ದರೆ, ಅಥವಾ ಮೈ ಮೇಲೆ ಬಿಳಿ ಚುಕ್ಕೆ, ಗಾಯ ಕಂಡರೆ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ. ಆಗ ಮದ್ದು ಬೇಕಾಗಬಹುದು, ಪ್ರಮಾಣ ಅವರೇ ಹೇಳಲಿ.

ಹಸು ಮೇವು ಬಿಟ್ಟರೆ ನಾವು ಮೊದಲು ಸಗಣಿ ನೋಡ್ತೀವಿ, ಗೊಂತಿನಲ್ಲಿ ಏನು ಹಾಕಿದ್ವಿ ಅಂತ ನೋಡ್ತೀವಿ. ಅದೇ ಬುದ್ಧಿ ಮೀನಿಗೂ ಸಾಕು. ನಿಮ್ಮ ತೊಟ್ಟಿಯಲ್ಲಿ ಬೇರೆ ಥರ ನಡತೆ ಕಂಡಿದ್ದರೆ, ನೀರು ಎಲ್ಲಿಂದು, ಯಾವ ಹೊತ್ತು ಅನ್ನೋದನ್ನೂ ಸೇರಿಸಿ ಬರೆಯಿರಿ. ಬರೀ ಫೋಟೋ ಹಾಕಿ ಮದ್ದು ಕೇಳಿದರೆ ಹೇಳೋದು ಕಷ್ಟ.