ತೆರಿಗೆ ಚೀಟಿ ಇದೆ, ಪರವಾನಗಿ ಎಲ್ಲಿದೆ?

ಕರ್ಜಗಿಯಲ್ಲಿ ಬಾಡಿಗೆ ಅಂಗಡಿ ಹಿಡಿಯುವವನು ಕೇಳುವುದು ಮೂರೇ ಮಾತು. ಡಿಪಾಜಿಟ್ ಎಷ್ಟ್ರಿ? ಬಾಡಿಗಿ ಎಷ್ಟ್ರಿ? ಕೀಲಿ ಯಾವಾಗ ಕೊಡ್ತೀರಿ? ಮೂರಕ್ಕೂ ಮಾಲೀಕರ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ. ನಾಲ್ಕನೆಯ ಮಾತು ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ: ಈ ಕಟ್ಟಡಕ್ಕ ಪರವಾನಗಿ ಐತೇನ್ರಿ? ತಪ್ಪಿ ಯಾರಾದರೂ ಕೇಳಿದರೆ, ‘ಅದೆಲ್ಲಾ ನಿನಗ್ಯಾಕೋ ತಮ್ಮಾ, ತೆರಿಗಿ ತುಂಬೀವಿ ನೋಡು’ ಎಂದು ಪಂಚಾಯತಿ ರಸೀದಿ ಎದುರಿಗೆ ಬರುತ್ತದೆ.

ತೆರಿಗೆ ರಸೀದಿ ಬೇರೆ, ಕಟ್ಟಡ ಪರವಾನಗಿ ಬೇರೆ. ದುಡ್ಡು ಜಮಾ ಆಯಿತೆಂದು ರಸೀದಿ ಹೇಳುತ್ತದೆ; ಕಂಬ ಗಟ್ಟಿ ಇದೆಯೆಂದು ಹೇಳುವುದಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮು ಗ್ರಾಮ ಪಂಚಾಯತಿಯ ಲಿಖಿತ ಅನುಮತಿ ಇಲ್ಲದೆ ಹೊಸ ಕಟ್ಟಡ ಎಬ್ಬಿಸಬಾರದು, ಹಳೆಯದಕ್ಕೆ ಕೂಡಿಸಬಾರದು ಎನ್ನುತ್ತದೆ. ಹಾವೇರಿ, ರಾಣೆಬೆನ್ನೂರುಗಳಲ್ಲಿ ಈ ಅನುಮತಿ ಕೊಡುವುದು ನಗರಸಭೆ, ಬ್ಯಾಡಗಿಯಲ್ಲಿ ಪುರಸಭೆ. ಕೆಳಗಿನ ಅಂಗಡಿಗೆ ಒಮ್ಮೆ ಅನುಮತಿ ತಂದೆವೆಂದು ಅದರ ಮೇಲೆ ಮನಬಂದಷ್ಟು ಮಾಳಿಗೆ ಏರಿಸಲು ಬರುವುದಿಲ್ಲ.

‘ಏನಾಗತೈತಿ ಬಿಡ್ರಿ’ ಎನ್ನುವವರು ಧಾರವಾಡವನ್ನು ನೆನೆಯಲಿ. 2019ರ ಮಾರ್ಚ್ 19, ಮಧ್ಯಾಹ್ನದ ಹೊತ್ತು. ಕುಮಾರೇಶ್ವರ ನಗರದ ವಾಣಿಜ್ಯ ಕಟ್ಟಡದಲ್ಲಿ ಕೆಳಗೆ ಅಂಗಡಿ ತೆರೆದಿದ್ದವು, ಮೇಲೆ ಕಟ್ಟುವ ಕೆಲಸ ನಡೆದಿತ್ತು. ನೋಡನೋಡುತ್ತ ಇಡೀ ಕಟ್ಟಡ ಕೂತುಬಿಟ್ಟಿತು. 19 ಜನ ಸತ್ತರು. ಅವಶೇಷದಡಿಯಿಂದ ಜನರನ್ನು ಹೊರತೆಗೆಯಲು ದಿನಗಟ್ಟಲೆ ಹಿಡಿಯಿತು. ಆಮೇಲೆ ಮಾಲೀಕರೂ ಎಂಜಿನಿಯರರೂ ಬಂಧನಕ್ಕೊಳಗಾದರು. ಆದರೆ ಅಂದು ವ್ಯಾಪಾರಕ್ಕೆಂದು, ಕೂಲಿಗೆಂದು ಒಳಗೆ ಹೋದವರು ಸ್ಲ್ಯಾಬಿನ ಲೆಕ್ಕ ಕೇಳಿ ಹೋಗಿದ್ದರೇ?

ಬೆಂಗಳೂರಿನ ಬಾಬುಸಾಪಾಳ್ಯದಲ್ಲೂ ಅಷ್ಟೇ. 2024ರ ಅಕ್ಟೋಬರಿನಲ್ಲಿ, ಪಡೆದ ಅನುಮತಿಗಿಂತ ಹೆಚ್ಚು ಮಹಡಿ ಏರಿಸುತ್ತಿದ್ದ ಕಟ್ಟಡ ಕುಸಿದು ಕೆಲಸಗಾರರು ಪ್ರಾಣ ಬಿಟ್ಟರು. ನಕ್ಷೆಯಲ್ಲಿ ಇದ್ದದ್ದು ಒಂದು, ನೆಲದ ಮೇಲೆ ಎದ್ದದ್ದು ಇನ್ನೊಂದು.

ಕುಸಿತ ಒಂದೇ ಅಲ್ಲ, ಬೆಂಕಿಯೂ ಇದೆ. ಅದಕ್ಕೆ ದೂರ ಹೋಗಬೇಕಿಲ್ಲ. 2023ರ ಆಗಸ್ಟ್ 29ರಂದು ಹಾವೇರಿ ಮಗ್ಗುಲಿನ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕೆಲಸಗಾರರು ಸುಟ್ಟು ಸತ್ತರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆ ಮೆಟ್ಟಿಲು ತುಂಬಿತ್ತು. ಕೆಲವರು ದಾರಿ ಕಾಣದೆ ಕಿಟಕಿಯಿಂದ ಹಾರಿದರು.

‘ನಮ್ಮದೇನು ಟವರ್ ಏನ್ರಿ, ನಾಕು ಶೆಟರಿನ ಕಟ್ಟಡ’ ಎನ್ನಬಹುದು. ನಾಲ್ಕು ಶೆಟರಿನ ಕಟ್ಟಡದಲ್ಲೇ ಪಾವಟಿಗೆ ಮೇಲೆ ಖಾಲಿ ಡಬ್ಬಿ, ರಟ್ಟಿನ ಪೆಟ್ಟಿಗೆ ಪೇರಿಸಿರುತ್ತಾರೆ. ಮೀಟರ್ ಬೋರ್ಡಿನ ಕೆಳಗೆ ಗ್ಯಾಸ್ ಸಿಲಿಂಡರ್. ಒಂದೇ ವೈರಿನಿಂದ ಮೂರು ಅಂಗಡಿಗೆ ಕರೆಂಟು. ರಾತ್ರಿ ಕೆಲಸದ ಹುಡುಗನನ್ನು ಒಳಗೆ ಮಲಗಿಸಿ ಹೊರಗಿನಿಂದ ಶೆಟರಿಗೆ ಕೀಲಿ ಹಾಕುವವರೂ ಇದ್ದಾರೆ. ಹಿಂದೆ ಬಾಗಿಲಿಲ್ಲ. ಬೆಂಕಿ ಹತ್ತಿದರೆ ಆ ಹುಡುಗ ಎಲ್ಲಿಂದ ಬರಬೇಕು? ಕಾರಹುಣ್ಣಿವೆಗೆ ಊರು ತುಂಬ ಜನ ಸೇರಿದಾಗ ಇಂಥ ಕಟ್ಟಡಗಳ ಮೇಲೇ ಹತ್ತಿ ನಿಲ್ಲುತ್ತಾರೆ. ಪ್ಯಾರಾಪೆಟ್ ಎಷ್ಟು ಜನರ ಭಾರ ತಡೆದೀತು?

ಮಾಲೀಕರ ಗೋಳೂ ಸುಳ್ಳಲ್ಲ. ಒಂದು ಸಹಿಗೆ ಹತ್ತು ಸಲ ಓಡಾಡಬೇಕು. ‘ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ನಾಳೆ ಬರ್ರಿ’ ಎಂಬ ಮಾತು ಯಾವ ಕಚೇರಿಗೂ ಹೊಸದಲ್ಲ. ಸಾಲ ಮಾಡಿ ಸಿಮೆಂಟು ತಂದವನು ಎಷ್ಟು ದಿನ ಕಾದಾನು? ಅರ್ಜಿಗೆ ಹೊತ್ತಿಗೆ ಸರಿಯಾಗಿ ಉತ್ತರ ಕೊಡುವುದು, ಕಟ್ಟುವಾಗಲೇ ಬಂದು ನೋಡುವುದು ಕಚೇರಿಯ ಕೆಲಸ. ಕಟ್ಟುವಾಗ ಕಣ್ಣು ಮುಚ್ಚಿ, ಬಿದ್ದ ಮೇಲೆ ನೋಟೀಸು ತೆಗೆದರೆ ಯಾರಿಗೆ ಪ್ರಯೋಜನ? ಆದರೆ ಕಚೇರಿ ತಡ ಮಾಡಿತೆಂದು ಕಬ್ಬಿಣದ ಸರಳಿನಲ್ಲಿ ಉಳಿತಾಯ ಮಾಡಲು ಯಾರಿಗೂ ಹಕ್ಕಿಲ್ಲ. ತಿಂಗಳ ಮೊದಲನೇ ತಾರೀಖಿಗೆ ಬಾಡಿಗೆ ಎಣಿಸುವವರು ವರ್ಷಕ್ಕೊಮ್ಮೆಯಾದರೂ ವೈರಿಂಗ್ ನೋಡಿಸಬೇಕು, ಪಾವಟಿಗೆ ಖಾಲಿ ಮಾಡಿಸಬೇಕು, ಬಿರುಕು ಬಿಟ್ಟ ಕಂಬಕ್ಕೆ ಗಿಲಾಯಿ ಮೆತ್ತಿ ಮುಚ್ಚುವ ಬದಲು ಎಂಜಿನಿಯರನ್ನು ಕರೆಸಬೇಕು.

ಈಗ ಕಾನೂನಿನ ಹಗ್ಗವೂ ಬಿಗಿಯಾಗಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ನಕ್ಷೆಯಂತೆ ಕಟ್ಟಿದ್ದಕ್ಕೆ ಸಿಗುವ ಸ್ವಾಧೀನ ಪ್ರಮಾಣಪತ್ರ, ಅಂದರೆ ‘ಓಸಿ’, ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಎಂದು ಹೇಳಿತು. 2025ರಲ್ಲಿ ರಾಜ್ಯದ ವಿದ್ಯುತ್ ಕಂಪನಿಗಳು ಅದನ್ನೇ ಹಿಡಿದುಕೊಂಡವು. ಸರಕಾರ ಆಮೇಲೆ ರಿಯಾಯಿತಿ ತೋರಿದ್ದು ಸಣ್ಣ ವಾಸದ ಮನೆಗಳಿಗೆ. ಡಿಪಾಜಿಟ್ ಕೊಟ್ಟು, ಕಪಾಟು ಮಾಡಿಸಿ, ಪೂಜೆ ಮುಗಿಸಿದ ಮೇಲೆ ಮೀಟರ್ ಬರಲಿಲ್ಲವೆಂದರೆ ನಷ್ಟ ಯಾರದು? ಮಾಲೀಕರದಂತೂ ಅಲ್ಲ.

ಆದ್ದರಿಂದ ಅಂಗಡಿಕಾರರು ಆ ನಾಲ್ಕನೆಯ ಮಾತನ್ನು ಮೊದಲು ಕೇಳಲಿ. ಪರವಾನಗಿ ತೋರಿಸ್ರಿ, ನಕ್ಷಾ ತೋರಿಸ್ರಿ, ಆಮ್ಯಾಲ ಡಿಪಾಜಿಟ್ ಮಾತು. ಒಬ್ಬ ಕೇಳಿದರೆ ಮಾಲೀಕ ಬೇರೆ ಗಿರಾಕಿ ಹುಡುಕಿಯಾನು. ಹತ್ತು ಮಂದಿ ಕೇಳಿದರೆ ಪಂಚಾಯತಿ ಕಚೇರಿಯ ಮೆಟ್ಟಿಲು ಹತ್ತಲೇಬೇಕು. ಕಾಗದ ಕೇಳಿದ್ದಕ್ಕೆ ಸಿಟ್ಟಾಗುವ ಮಾಲೀಕರ ಕಟ್ಟಡದೊಳಗೆ ಹೆಂಡರು ಮಕ್ಕಳನ್ನು ಕರೆದೊಯ್ದು ಲಕ್ಷ್ಮೀ ಪೂಜೆ ಮಾಡುವ ಮುನ್ನ ಒಮ್ಮೆ ತಲೆಯೆತ್ತಿ ಸ್ಲ್ಯಾಬು ನೋಡುವುದು ಒಳ್ಳೆಯದು.