ಶಾಲೆಯ ಸುರಕ್ಷೆ ಜೂನ್ ತಿಂಗಳ ಒಂದು ದಿನದ ಕೆಲಸವೇ?

ಜೂನ್ ಬಂತೆಂದರೆ ನಮ್ಮ ಕಾಸರಗೋಡಿನಲ್ಲಿ ಮಳೆ ಮತ್ತು ಶಾಲೆ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತವೆ. ಮೊದಲ ದಿನ ಪ್ರವೇಶೋತ್ಸವ. ಬಾಗಿಲಿಗೆ ಮಾವಿನೆಲೆಯ ತೋರಣ, ಬಣ್ಣದ ಬಲೂನು, ಒಂದನೆಯ ತರಗತಿಗೆ ಬಂದ ಪುಟಾಣಿಗಳ ತಲೆಗೆ ಕಾಗದದ ಕಿರೀಟ, ಮಧ್ಯಾಹ್ನ ಪಾಯಸ. ವಾರ್ಡ್ ಮೆಂಬರು ಉದ್ಘಾಟಿಸುತ್ತಾರೆ, ರಕ್ಷಕ ಶಿಕ್ಷಕ ಸಂಘದ ಅಧ್ಯಕ್ಷರು ನಾಲ್ಕು ಮಾತು ಆಡುತ್ತಾರೆ. ಅಳುವ ಮಗುವನ್ನು ಅಮ್ಮನ ಸೆರಗಿನಿಂದ ಬಿಡಿಸಿ ಒಳಗೆ ಕರೆದುಕೊಂಡು ಹೋಗುವಾಗ ನಾವು ಅಧ್ಯಾಪಕರು ಆ ತಾಯಿಗೆ ಹೇಳುವ ಮಾತು ಒಂದೇ: "ನೀವು ಹೆದರಬೇಡಿ, ನಾವು ನೋಡಿಕೊಳ್ಳುತ್ತೇವೆ."

ಈ ಮಾತನ್ನು ನಾವು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳುತ್ತಿದ್ದೇವೆ ಎಂದು ಕೇಳಿಕೊಳ್ಳುವುದಕ್ಕಾಗಿ ಈ ಬರಹ.

ಸುರಕ್ಷೆಯ ಕೆಲಸ ನಡೆಯುವುದೇ ಇಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮೇ ತಿಂಗಳಲ್ಲಿ ಕಟ್ಟಡದ ಫಿಟ್‌ನೆಸ್ ಸರ್ಟಿಫಿಕೇಟಿಗಾಗಿ ಮುಖ್ಯೋಪಾಧ್ಯಾಯರು ಪಂಚಾಯತಿನ ಮೆಟ್ಟಿಲು ಹತ್ತುತ್ತಾರೆ. ಬಾವಿಗೆ ಬ್ಲೀಚಿಂಗ್ ಪುಡಿ ಬೀಳುತ್ತದೆ, ನೀರಿನ ಟ್ಯಾಂಕು ತೊಳೆಯಲಾಗುತ್ತದೆ, ಹಂಚು ಸರಿಪಡಿಸಲಾಗುತ್ತದೆ, ಅಂಗಳದ ಹುಲ್ಲು ಕತ್ತರಿಸಲಾಗುತ್ತದೆ. ಶಾಲಾ ವಾಹನಗಳನ್ನು ಮೋಟಾರು ವಾಹನ ಇಲಾಖೆಯವರು ಪರಿಶೀಲಿಸುತ್ತಾರೆ. ಎಲ್ಲದಕ್ಕೂ ಒಂದೊಂದು ಕಾಗದ ಉಂಟು, ಕಾಗದದ ಮೇಲೆ ಸೀಲೂ ಉಂಟು. ಆದರೆ ಮರ, ಹಾವು, ಕರೆಂಟಿನ ತಂತಿ ಇವುಗಳಿಗೆ ಸೀಲು ಓದಲು ಬರುವುದಿಲ್ಲವಲ್ಲ!

2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಐದನೆಯ ತರಗತಿಯ ಹುಡುಗಿಯೊಬ್ಬಳಿಗೆ ತರಗತಿಯ ಒಳಗೇ, ಗೋಡೆಯ ಬುಡದ ಬಿಲದಿಂದ ಹಾವು ಕಚ್ಚಿತು. ಆ ಮಗು ಉಳಿಯಲಿಲ್ಲ. 2023ರ ಜುಲೈ 3ರಂದು ನಮ್ಮದೇ ಜಿಲ್ಲೆಯ ಅಂಗಡಿಮೊಗರಿನಲ್ಲಿ ಸಂಜೆ ಶಾಲೆ ಬಿಟ್ಟು ಮಕ್ಕಳು ಹೊರಟ ಹೊತ್ತಿಗೆ ಮರ ಉರುಳಿ ಬಿದ್ದು ಆರನೆಯ ತರಗತಿಯ ಬಾಲಕಿ ತೀರಿಕೊಂಡಳು. 2025ರ ಜುಲೈ 17ರಂದು ಕೊಲ್ಲಂ ಜಿಲ್ಲೆಯ ತೇವಲಕ್ಕರದಲ್ಲಿ ಶೆಡ್ಡಿನ ಮಾಡಿನ ಮೇಲೆ ಬಿದ್ದ ಚಪ್ಪಲಿ ತೆಗೆಯಲು ಹತ್ತಿದ ಎಂಟನೆಯ ತರಗತಿಯ ಹುಡುಗ ತಗ್ಗಿನಲ್ಲಿ ಹಾದುಹೋಗಿದ್ದ ತಂತಿ ತಗಲಿ ಸತ್ತ. ಪ್ರತಿ ಸಾವಿನ ನಂತರವೂ ರಾಜ್ಯದ ಶಾಲೆಗಳಲ್ಲಿ ತಪಾಸಣೆ ನಡೆದಿದೆ, ಸುತ್ತೋಲೆ ಬಂದಿದೆ. ಹಾವಿನ ನಂತರ ಬಿಲ ಮುಚ್ಚಿದೆವು, ಮರದ ನಂತರ ಗೆಲ್ಲು ಕಡಿದೆವು, ಕರೆಂಟಿನ ನಂತರ ತಂತಿ ನೋಡಿದೆವು. ಮುಂದಿನ ಅಪಾಯ ಯಾವ ರೂಪದಲ್ಲಿ ಬರುತ್ತದೆಂದು ಸುತ್ತೋಲೆ ಬರೆಯುವವರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಗೊತ್ತಿರುವುದು ಯಾರಿಗೆ? ನಮ್ಮ ಅನುಭವದಲ್ಲಿ ಮೊದಲು ಗೊತ್ತಾಗುವುದು ಮಕ್ಕಳಿಗೆ. ಗೋಡೆಯ ಬಿಲವಾಗಲಿ ತಗ್ಗಿದ ತಂತಿಯಾಗಲಿ ಒಂದು ದಿನದಲ್ಲಿ ಹುಟ್ಟುವುದಿಲ್ಲ. ದಿನಾ ಅಲ್ಲೇ ಕೂರುವ, ಅಲ್ಲೇ ಆಡುವ ಮಕ್ಕಳು ಅದನ್ನು ಕಂಡಿರುತ್ತಾರೆ. ತೋಡಿನ ಸಂಕದ ಯಾವ ಹಲಗೆ ಅಲ್ಲಾಡುತ್ತದೆ, ಯಾರ ಮನೆಯ ನಾಯಿ ಬೆನ್ನಟ್ಟುತ್ತದೆ, ಕೆಂಪುಕಲ್ಲು ತೆಗೆದ ಹೊಂಡದಲ್ಲಿ ಎಷ್ಟು ನೀರು ನಿಂತಿದೆ, ಶೌಚಾಲಯದ ಯಾವ ಬಾಗಿಲಿನ ಚಿಲಕ ಬೀಳುವುದಿಲ್ಲ, ಇದೆಲ್ಲ ಅವರಿಗೆ ಬಾಯಿಪಾಠ. ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಹೇಳಿದರೂ "ಆಯ್ತು, ಹೋಗಿ ಕೂತ್ಕೋ" ಎಂಬ ಉತ್ತರ ನಮ್ಮ ಬಾಯಲ್ಲಿ ಸಿದ್ಧವಾಗಿರುತ್ತದೆ.

ಇಲ್ಲಿ ನಮ್ಮಂಥ ಗಡಿಯಾಚೆಯ ಕನ್ನಡ ಶಾಲೆಗಳಿಗೆ ಇನ್ನೊಂದು ತೊಡಕು ಉಂಟು. ಅದು ಭಾಷೆಯದು. ನಮ್ಮ ಒಂದನೆಯ ತರಗತಿಯಲ್ಲಿ ಮನೆಯಲ್ಲಿ ತುಳು ಮಾತಾಡುವ ಮಗು, ಹವ್ಯಕ ಮಾತಾಡುವ ಮಗು, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಮಾತಾಡುವ ಮಗು ಒಟ್ಟಿಗೆ ಕೂತಿರುತ್ತಾರೆ. ಅವರೆಲ್ಲರನ್ನು ಸೇರಿಸುವ ಭಾಷೆ ಶಾಲೆಯ ಕನ್ನಡ. ಆದರೆ ಸುರಕ್ಷೆಯ ಸುತ್ತೋಲೆ ಬರುವುದು ಬಹುಪಾಲು ಮಲಯಾಳದಲ್ಲಿ. ಗೋಡೆಗೆ ಅಂಟಿಸಲು ಕೊಟ್ಟ ಪೋಸ್ಟರು ಮಲಯಾಳದಲ್ಲಿ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರನ್ನು ನೇಮಿಸಿದಾಗ ನಾವು ಪಾಠ ಹಾಳಾಗುತ್ತದೆಂದು ಕೂಗುತ್ತೇವೆ. ಅದು ಸರಿಯೇ. ಆದರೆ ಅದಕ್ಕಿಂತ ದೊಡ್ಡ ಮಾತು ಬೇರೆ ಉಂಟು. ಹೊಟ್ಟೆನೋವು ಎಂದು, ಕಾಲಿಗೆ ಏನೋ ಕಚ್ಚಿತು ಎಂದು, ಒಬ್ಬರು ನನ್ನನ್ನು ಹೆದರಿಸಿದರು ಎಂದು ಹೇಳಬೇಕಾದ ಮಗು ತನಗೆ ಅರ್ಥವಾಗದವರ ಎದುರು ಬಾಯಿ ಮುಚ್ಚಿ ನಿಲ್ಲುತ್ತದೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯದ ಬಗ್ಗೆ ಹೇಳುತ್ತದೆ. ಅದನ್ನು ನಾವು ಪಠ್ಯಪುಸ್ತಕದ ಹಕ್ಕೆಂದು ಮಾತ್ರ ಓದಿದ್ದೇವೆ. ಮಗುವಿನ ಜೀವದ ರಕ್ಷಣೆಯೂ ಅದರಲ್ಲಿ ಸೇರಿದೆ ಎಂದು ಓದಬೇಕಾದ ಕಾಲ ಬಂದಿದೆ.

ತಪ್ಪು ಬರೀ ಮೇಲಿನವರದ್ದಲ್ಲ. ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಜೋರು ಮಳೆಯ ಒಂದು ರಾತ್ರಿ ಜಿಲ್ಲಾಧಿಕಾರಿಗಳು ಮರುದಿನ ರಜೆ ಘೋಷಿಸಿದರು. ಪ್ರಕಟಣೆ ಮಲಯಾಳದಲ್ಲಿತ್ತು, ನಾವು ಅದನ್ನು ಹಾಗೆಯೇ ಹೆತ್ತವರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿ ಮಲಗಿದೆವು. ಬೆಳಿಗ್ಗೆ ಒಂದು ಮಗು ತೋಡು ದಾಟಿ, ಒದ್ದೆಯಾಗಿ, ಬೀಗ ಹಾಕಿದ ಶಾಲೆಯ ಎದುರು ನಿಂತಿತ್ತು. ಮನೆಯಲ್ಲಿದ್ದದ್ದು ಅಜ್ಜಿ. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. "ಮಾಸ್ಟ್ರೇ, ನೀವು ಫೋನಲ್ಲಿ ಏನೋ ಕಳಿಸಿದ್ದೀರಂತೆ, ನಾನು ಪಾಠ ಅಂತ ಗ್ರಹಿಸಿದೆ" ಎಂದರು ಅವರು. ಆ ದಿನ ತೋಡಿನಲ್ಲಿ ನೀರು ಇನ್ನೊಂದು ಮೊಳ ಏರಿದ್ದರೆ? ಅಂದಿನಿಂದ ನಾವು ರಜೆಯ ಸುದ್ದಿಯನ್ನು ಕನ್ನಡದಲ್ಲಿ ಒಂದು ಸಾಲು ಬರೆದು, ಜೊತೆಗೆ ಬಾಯಿಯಲ್ಲಿ ಹೇಳಿ ಧ್ವನಿ ಸಂದೇಶವನ್ನೂ ಕಳಿಸುತ್ತೇವೆ. ಅದಕ್ಕೆ ತಗಲುವುದು ಒಂದು ನಿಮಿಷ.

ಇನ್ನು ಸನ್ಮಾನದ ವಿಷಯ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಎಲ್ಲ ವಿಷಯಗಳಲ್ಲಿ ಎ ಪ್ಲಸ್ ಪಡೆದ ಮಕ್ಕಳ ಫೋಟೋ ಇರುವ ಫ್ಲೆಕ್ಸು ಶಾಲೆಯ ಗೇಟಿನಲ್ಲಿ ಏಳುತ್ತದೆ. ಎಲ್‌ಎಸ್‌ಎಸ್, ಯುಎಸ್‌ಎಸ್ ಎಂದು ನಾವು ಕರೆಯುತ್ತ ಬಂದ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಗೆದ್ದವರಿಗೆ ಶಾಲು, ಸ್ಮರಣಿಕೆ. ಕಲೋತ್ಸವದ ಯಕ್ಷಗಾನದಲ್ಲಿ ಎ ಗ್ರೇಡು ಬಂದರೆ ಊರಿಡೀ ಮೆರವಣಿಗೆ. ಇವೆಲ್ಲ ಬೇಕು. 2019ರಲ್ಲಿ ರಾಜ್ಯ ಶಾಲಾ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆದಾಗ ನಾವೂ ಚಪ್ಪಾಳೆ ತಟ್ಟಿದವರೇ. ಆದರೆ ಕೊನೆಯ ಬೆಂಚಿನ ಮಗುವಿಗೆ ಈ ಫ್ಲೆಕ್ಸಿನಲ್ಲಿ ಜಾಗ ಎಂದಾದರೂ ಸಿಗುತ್ತದೆಯೇ?

ನಮ್ಮ ಶಾಲೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆವು. ನೂರು ಪುಟದ ಒಂದು ನೋಟು ಪುಸ್ತಕಕ್ಕೆ "ಕಂಡದ್ದು ಹೇಳುವ ಪುಸ್ತಕ" ಎಂದು ಹೆಸರಿಟ್ಟು ಮಕ್ಕಳ ಕೈಗೆಟಕುವಲ್ಲಿ ತೂಗುಹಾಕಿದೆವು. ಬರೆಯಲು ಬಾರದ ಚಿಕ್ಕವರು ಚಿತ್ರ ಬಿಡಿಸಬಹುದು, ದೊಡ್ಡವರ ಹತ್ತಿರ ಹೇಳಿ ಬರೆಸಬಹುದು. ಪಾಠದಲ್ಲಿ ಯಾವಾಗಲೂ ಹಿಂದೆ ಉಳಿಯುವ ನಾಲ್ಕನೆಯ ತರಗತಿಯ ಒಬ್ಬಳು ಬಾವಿಯ ಬಲೆಯ ಒಂದು ಮೂಲೆ ಹರಿದದ್ದನ್ನು ಬರೆದಳು. ನಾವು ದಿನಾ ಅದೇ ಬಾವಿಯ ನೀರು ಕುಡಿಯುತ್ತೇವೆ, ನಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ. ಮರುದಿನ ಬಲೆ ಕಟ್ಟಿಸಿ, ಅಸೆಂಬ್ಲಿಯಲ್ಲಿ ಅವಳ ಹೆಸರು ಹೇಳಿ ಒಂದು ಪೆನ್ನು ಕೊಟ್ಟೆವು. ಪೆನ್ನಿನ ಬೆಲೆ ಹತ್ತು ರೂಪಾಯಿ. ಆ ಹುಡುಗಿ ಆಮೇಲೆ ತರಗತಿಯಲ್ಲಿ ಕೈ ಎತ್ತಿ ಪ್ರಶ್ನೆ ಕೇಳತೊಡಗಿದ್ದು ನಾವು ನಿರೀಕ್ಷಿಸದ ಲಾಭ.

ಇದರಲ್ಲಿ ಎರಡು ಎಚ್ಚರಿಕೆ ಬೇಕು. ಒಂದು, ನಾವು ಮೆಚ್ಚಬೇಕಾದದ್ದು ಹೇಳಿದ್ದನ್ನು, ಸಾಹಸವನ್ನಲ್ಲ. ಬಿದ್ದ ತಂತಿಯನ್ನು ಕೋಲಿನಿಂದ ಸರಿಸಿದ, ಹೊಂಡಕ್ಕೆ ಹಾರಿ ಗೆಳೆಯನನ್ನು ಎತ್ತಿದ ಎಂಬುದನ್ನೇ ಕೊಂಡಾಡಿದರೆ ಇನ್ನೊಂದು ಮಗು ಅದನ್ನು ಅನುಕರಿಸಲು ಹೋಗಿ ಜೀವ ಕಳೆದುಕೊಳ್ಳಬಹುದು. "ದೂರ ನಿಲ್ಲು, ದೊಡ್ಡವರನ್ನು ಕೂಗು" ಎಂಬುದೇ ಕಲಿಸಬೇಕಾದ ಧೈರ್ಯ. ಎರಡು, ಎಲ್ಲವನ್ನೂ ಅಸೆಂಬ್ಲಿಯಲ್ಲಿ ಹೇಳಲಾಗದು. ಮೈ ಮುಟ್ಟಿದವರ ಬಗ್ಗೆ, ಮನೆಯ ಹೊಡೆತದ ಬಗ್ಗೆ ಮಗು ಹೇಳುವ ಮಾತು ಗುಟ್ಟಾಗಿಯೇ ಉಳಿಯಬೇಕು, ಕಾನೂನಿನ ದಾರಿಯಲ್ಲಿ ಸಾಗಬೇಕು. 2012ರ ಪೋಕ್ಸೋ ಕಾಯ್ದೆಯಂತೆ ಅದನ್ನು ತಿಳಿದೂ ಮುಚ್ಚಿಡುವುದು ನಮ್ಮ ಅಪರಾಧವಾಗುತ್ತದೆ. ಮಕ್ಕಳ ಸಹಾಯವಾಣಿ 1098 ಎಂಬ ನಾಲ್ಕು ಅಂಕೆಗಳನ್ನು ಮಗ್ಗಿಯ ಹಾಗೆ ಕನ್ನಡದಲ್ಲಿ ಬಾಯಿಪಾಠ ಮಾಡಿಸೋಣ.

ಮೂರನೆಯದು ಊರಿನವರು. ನಾವು ಊರಿನವರನ್ನು ಕರೆಯುವುದು ಯಾವಾಗ? ವೇದಿಕೆಯಲ್ಲಿ ಕುರ್ಚಿ ತುಂಬಲು, ಇಲ್ಲವೇ ರಶೀದಿ ಪುಸ್ತಕ ಹಿಡಿದು ಹೋದಾಗ. ಅಡಿಕೆ ಮರ ಹತ್ತುವವರಿಗೆ ಯಾವ ಮರ ಟೊಳ್ಳಾಗಿದೆ ಎಂದು ತಟ್ಟಿ ನೋಡಿದರೆ ತಿಳಿಯುತ್ತದೆ. ಗಾರೆ ಕೆಲಸದವರಿಗೆ ಗೋಡೆಯ ಬಿರುಕು ಹಳತೋ ಹೊಸತೋ ಎಂದು ಗೊತ್ತು. ಆಶಾ ಕಾರ್ಯಕರ್ತೆಗೆ ಯಾವ ಮನೆಯ ಹತ್ತಿರ ಡೆಂಗಿ ಉಂಟೆಂದು ಗೊತ್ತು. ಆಟೋದವರಿಗೆ ಹೆದ್ದಾರಿಯ ಯಾವ ಜಾಗದಲ್ಲಿ ಮಕ್ಕಳು ಅಂಡರ್‌ಪಾಸಿಗೆ ಹೋಗದೆ ತಡೆಗೋಡೆ ಹಾರುತ್ತಾರೆಂದು ಗೊತ್ತು. ಅಡುಗೆಯ ಅಕ್ಕನಿಗೆ ಗ್ಯಾಸಿನ ಪೈಪು ಯಾವಾಗ ಬದಲಾಯಿಸಿದ್ದೆಂದು ನೆನಪಿದೆ. ಇವರಲ್ಲಿ ಎಷ್ಟು ಮಂದಿ ನಮ್ಮ ಸಭೆಯಲ್ಲಿ ಮಾತಾಡಿದ್ದಾರೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರು ಮತ್ತು ಪೋಷಕರು, ಅರ್ಧ ಪಾಲು ಮಹಿಳೆಯರು ಇರಬೇಕೆನ್ನುತ್ತದೆ. ಕೂಲಿಗೆ ಹೋಗುವ ತಾಯಂದಿರಿಗೆ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಸಭೆ ಇಟ್ಟರೆ ಆ ಅರ್ಧ ಪಾಲು ಹಾಜರಿ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ಊರು ಕಣ್ಣು ತೆರೆದಿದ್ದರೆ ಏನಾಗುತ್ತದೆಂದು ಕಾಸರಗೋಡಿನವರಿಗೆ ಹೊರಗಿನ ಉದಾಹರಣೆ ಬೇಕಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ದಿನಗಳಲ್ಲಿ ಎಣ್ಮಕಜೆಯ ಕಡೆಯ ಮಕ್ಕಳ ಕಾಯಿಲೆಯಲ್ಲಿ ಏನೋ ಸರಿಯಿಲ್ಲ ಎಂದು ಗುರುತಿಸಿದವರಲ್ಲಿ ಅಲ್ಲೇ ಔಷಧ ಕೊಡುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರ್, ಅಲ್ಲೇ ಕೃಷಿ ಮಾಡುತ್ತ ಬರೆಯುತ್ತಿದ್ದ ಶ್ರೀಪಡ್ರೆ ಮೊದಲಿಗರು. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ಊರು ಮೊದಲು ಕಂಡಿತು, ಕಚೇರಿ ಬಹಳ ತಡವಾಗಿ ಒಪ್ಪಿತು. ನಡುವಿನ ವರ್ಷಗಳ ಬೆಲೆ ತೆತ್ತವರು ಮಕ್ಕಳು.

ಆದ್ದರಿಂದ ನಮ್ಮ ಸಲಹೆ ಇಷ್ಟೇ. ಸುರಕ್ಷೆ, ಸನ್ಮಾನ, ಊರಿನವರ ಸಹಭಾಗ ಇವನ್ನು ಮೂರು ಬೇರೆ ಬೇರೆ ಕಾರ್ಯಕ್ರಮವೆಂದು ಎಣಿಸುವುದು ಬೇಡ. ಮೇ ಕೊನೆಯ ಒಂದು ಭಾನುವಾರ ಹೆತ್ತವರು, ಮಕ್ಕಳು, ಅಧ್ಯಾಪಕರು ಸೇರಿ ಮನೆಯಿಂದ ಶಾಲೆಯವರೆಗಿನ ದಾರಿಯನ್ನು ನಡೆದು ನೋಡೋಣ. ಮೊದಲ ದೊಡ್ಡ ಮಳೆಯ ನಂತರ ಅದೇ ದಾರಿಯನ್ನು ಇನ್ನೊಮ್ಮೆ ನಡೆಯೋಣ, ಯಾಕೆಂದರೆ ಒಣ ದಾರಿ ಬೇರೆ, ನೀರು ಹರಿದ ದಾರಿ ಬೇರೆ. ಕಂಡದ್ದನ್ನು ಬರೆದು ಪಂಚಾಯತಿಗೆ, ವಿದ್ಯುತ್ ಕಚೇರಿಗೆ ಕೊಟ್ಟು ಸ್ವೀಕೃತಿ ರಶೀದಿ ಪಡೆಯೋಣ. ಪತ್ರ ಕನ್ನಡದಲ್ಲೇ ಇರಲಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೂ ತಮಿಳರಿಗೂ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಜೊತೆಗೆ ಒಂದು ಮಲಯಾಳ ಪ್ರತಿಯನ್ನೂ ಲಗತ್ತಿಸೋಣ. ಹಕ್ಕಿಗಾಗಿ ಹೋರಾಡಲು ಬೇರೆ ದಿನಗಳುಂಟು. ಮಕ್ಕಳ ತಲೆಯ ಮೇಲೆ ತಂತಿ ತೂಗುವಾಗ ಅಕ್ಷರದ ಹಟ ಸಲ್ಲದು.

"ಇರುವ ಕೆಲಸವೇ ಮುಗಿಯುವುದಿಲ್ಲ, ಇದು ಬೇರೆಯೋ?" ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಿಸಿಯೂಟದ ಲೆಕ್ಕ, ಆನ್‌ಲೈನ್ ತುಂಬಿಸುವ ಕೆಲಸ, ಗಣತಿ ಎಲ್ಲವೂ ನಮ್ಮ ತಲೆಗೇ. ಆದರೆ ಯೋಚಿಸಿ ನೋಡಿ. ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ ಎಂದು ವರ್ಷವಿಡೀ ಕೊರಗುತ್ತೇವೆ. ಹೆತ್ತವರು ಮಗುವನ್ನು ಇಂಗ್ಲಿಷ್ ಮಾಧ್ಯಮದ ವ್ಯಾನಿಗೆ ಹತ್ತಿಸುವುದು ಇಂಗ್ಲಿಷಿನ ಆಸೆಗೆ ಮಾತ್ರವಲ್ಲ. ಆ ವ್ಯಾನು ಮನೆ ಬಾಗಿಲಿಗೆ ಬರುತ್ತದೆ, ಮಗು ತೋಡು ದಾಟಬೇಕಾಗಿಲ್ಲ ಎಂಬ ನೆಮ್ಮದಿಗೂ ಹೌದು. ಭಾಷಾಭಿಮಾನದ ಭಾಷಣದಿಂದ ಆ ತಾಯಿಯ ಭಯ ಹೋಗುವುದಿಲ್ಲ. ಸಂಕಕ್ಕೆ ಕೈಹಿಡಿ ಕಟ್ಟಿಸಿದರೆ ಹೋಗುತ್ತದೆ. ಮಕ್ಕಳು ಕಡಿಮೆ ಇರುವುದರಿಂದ ಒಂದೊಂದು ಮಗುವಿನ ದಾರಿಯನ್ನೂ ನೋಡಿಬರಲು ನಮಗೆ ಸಾಧ್ಯ. ದೊಡ್ಡ ಶಾಲೆಗಳಿಗೆ ಅದು ಆಗದ ಕೆಲಸ.

ತಾಳವಾಡಿ, ಜತ್ತ, ಅಕ್ಕಲಕೋಟೆ, ಆದೋನಿಯ ಕಡೆಯ ಅಧ್ಯಾಪಕ ಮಿತ್ರರೇ, ನಿಮ್ಮಲ್ಲಿ ತೋಡಿನ ಬದಲು ಕಾಡಿನ ದಾರಿಯೋ ಬಿಸಿಲೋ ಇರಬಹುದು, ಮಲಯಾಳದ ಬದಲು ತಮಿಳು, ಮರಾಠಿ, ತೆಲುಗು ಸುತ್ತೋಲೆ ಇರಬಹುದು. ಬಾಯಿ ಬಿಡಲು ಹಿಂಜರಿಯುವ ಮಗು ಎಲ್ಲ ಕಡೆಯೂ ಒಂದೇ. ಒಂದು ನೋಟು ಪುಸ್ತಕ ತೂಗುಹಾಕಿ ನೋಡಿ. ಮೊದಲ ಪುಟದಲ್ಲಿ ಏನು ಬಂತೆಂದು ನಮಗೂ ತಿಳಿಸಿ.